ಅವಳು ಒಪ್ಪಿದ ಸಾಲು

ಹತ್ತಕ್ಕೆ ಮೂರು. ಆ ಮೂರನ್ನು ಬರೆದವನು ತಾನೇನಾ ಎಂದು ಉತ್ತರ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತಾನೇ, ಬೇರೆ ಯಾರು ಬರೆದಾರು? ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಪ್ರಶ್ನೆ ಅರ್ಥವಾಗಿಲ್ಲ' ಎಂಬ ಷರಾ ಬೇರೆ, ಅದರ ಕೆಳಗೆ ಎರಡು ಗೆರೆ. ಒಂದು ಗೆರೆ ಸಾಲದೇ ಹೋಯಿತೇ ಅಂದು? ಅಧ್ಯಾಪಕರ ಕೊಠಡಿಯಲ್ಲಿ ಫ್ಯಾನು ತನ್ನ ಪಾಡಿಗೆ ಕಿರುಗುಟ್ಟುತ್ತಿತ್ತು. ಇತಿಹಾಸದ ಮೇಷ್ಟ್ರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಎಲ್ಲ ಎಂದಿನ ಬುಧವಾರದ ಹಾಗೇ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ್ದಕ್ಕೆ ಖುಷಿಪಟ್ಟಿದ್ದ; ಐವತ್ತೊಂದರ ವಯಸ್ಸಿನಲ್ಲಿ ಖುಷಿಗೆ ಅಷ್ಟು ಸಾಕು ಎಂದು ತನ್ನನ್ನೇ ಗೇಲಿ ಮಾಡಿಕೊಂಡಿದ್ದ. ಈಗ ಈ ಮೂರು ಅವನ ಎದುರಿಗೆ ಬಂದು ಕೂತಿತ್ತು.

ಪತ್ರಿಕೆಯನ್ನು ತಂದು ಮೇಜಿನ ಮೇಲಿಟ್ಟವರು ವಿಭಾಗದ ಮುಖ್ಯಸ್ಥೆ. ಹದಿನೈದು ವರ್ಷದ ಹಿಂದೆ ಅವನದೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದವಳು. ಈಗ ಅವನ ರಜೆ ಅರ್ಜಿಗೆ ಸಹಿ ಹಾಕುತ್ತಾಳೆ. ಆದರೂ ಸರ್ ಎನ್ನುವುದನ್ನು ಬಿಟ್ಟಿಲ್ಲ, ಅದು ಅವನಿಗೆ ಸಮಾಧಾನವೂ ಹೌದು, ಚುಚ್ಚುವುದೂ ಹೌದು.

"ಈ ಹುಡುಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದಾಳೆ ಸರ್. ನಾಲ್ಕು ಗಂಟೆಯೊಳಗೆ ನಿಮ್ಮ ವರದಿ ಕೊಟ್ಟುಬಿಡಿ. ಹೆಚ್ಚು ತಲೆ ಕೆಡಿಸ್ಕೋಬೇಡಿ. ಕೂಡೋದ್ರಲ್ಲಿ ತಪ್ಪಾಗಿದೆ ಅಂತ ಬರೆದು ಎರಡು ಅಂಕ ಜಾಸ್ತಿ ಮಾಡಿ. ಹುಡುಗಿಗೂ ಸಮಾಧಾನ, ನಮಗೂ ತಲೆನೋವಿಲ್ಲ."

"ಕೂಡೋದ್ರಲ್ಲಿ ತಪ್ಪಿಲ್ಲವಲ್ಲ."

"ಗೊತ್ತು ಸರ್. ಬೇರೆ ಕಾರಣ ಬರೆದ್ರೆ ಆ ಪ್ರಶ್ನೆಗೆ ಉತ್ತರ ಬರೆದ ನೂರಾ ಹತ್ತು ಜನರ ಪೇಪರೂ ಮತ್ತೆ ತೆಗೀಬೇಕಾಗುತ್ತೆ. ಯಾರಿಗೆ ಬೇಕು ಹೇಳಿ ಆ ಉಸಾಬರಿ."

ಉಸಾಬರಿ ತನ್ನದೇ ಎಂದು ಅವನಿಗೆ ಗೊತ್ತಿತ್ತು. ಆ ಪ್ರಶ್ನೆಯಲ್ಲಿದ್ದ ಎರಡು ಕಥೆಗಳನ್ನು ಪಠ್ಯಕ್ಕೆ ಆರಿಸಿದವನು ಅವನು. 'ಅನಿರೀಕ್ಷಿತ ಗರ್ಭವನ್ನು ಎದುರಿಸುವ ದಂಪತಿಗಳನ್ನು ಎರಡು ಕಥೆಗಳೂ ಚಿತ್ರಿಸಿರುವ ಬಗೆಯನ್ನು ಹೋಲಿಸಿ' ಎಂಬ ಪ್ರಶ್ನೆಯೂ ಅವನದೇ. ಹನ್ನೊಂದು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಪರೀಕ್ಷೆಯಲ್ಲೂ ಬರುವ ಪ್ರಶ್ನೆ. ಮೊದಲ ಕಥೆಯಲ್ಲಿ ಗಂಡ ಹೆಂಡತಿ ಬಾಡಿಗೆ ಮನೆ ಬದಲಾಯಿಸುತ್ತಿದ್ದಾರೆ. ಗಂಡ ಸಾಮಾನು ಕಟ್ಟುತ್ತಾ ಮೆಲುದನಿಯಲ್ಲಿ ಮಾತಾಡುತ್ತಾನೆ: ಈಗಲೇ ಮಗು ಬೇಡ, ಇನ್ನೂ ವಯಸ್ಸಿದೆ, ಮೊದಲು ಒಂದು ನೆಲೆಗೆ ನಿಲ್ಲೋಣ. ಹೆಂಡತಿ ಗಾಜಿನ ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಾಳೆ. ಎಲ್ಲ ಕಟ್ಟಿ ಮುಗಿದ ಮೇಲೆ ಅವನು ಅವಳ ಭುಜ ಮುಟ್ಟುತ್ತಾನೆ, ಕಥೆ ಮುಗಿಯುತ್ತದೆ. ಎರಡನೆಯದರಲ್ಲಿ ಗಾರೆ ಕೆಲಸದವನು, ಅವನ ಹೆಂಡತಿ. ಮೂರು ಮಕ್ಕಳಿರುವಾಗ ನಾಲ್ಕನೆಯದು. ಬೀದಿಗೆಲ್ಲ ಕೇಳುವ ಹಾಗೆ ಜಗಳ. ಅವಳು ಕೊಡ ಎತ್ತಿ ಕುಕ್ಕುತ್ತಾಳೆ, ಅವನು ತಟ್ಟೆ ಬಿಟ್ಟೆದ್ದು ಹೊರಗೆ ಹೋಗಿ ಕೂರುತ್ತಾನೆ. ಕೊನೆಗೆ ಏನು ತೀರ್ಮಾನವಾಯಿತು ಎಂದು ಕಥೆ ಹೇಳುವುದೇ ಇಲ್ಲ.

ಅವನಿಗೆ ಕೋಷ್ಟಕ ಹಾಕುವ ಚಟ. ಮಾದರಿ ಉತ್ತರವನ್ನೂ ಕೋಷ್ಟಕದಲ್ಲೇ ಬರೆದಿದ್ದ, ಒಂದೊಂದು ಅಂಶಕ್ಕೆ ಒಂದೊಂದು ಅಂಕ. ಎಡಕ್ಕೆ ಮೊದಲ ಕಥೆ: ಪರಸ್ಪರ ಸಮಾಲೋಚನೆ, ಸಂಯಮ, ಪ್ರಬುದ್ಧ ದಾಂಪತ್ಯ, ಇಬ್ಬರೂ ಸೇರಿ ಕೈಗೊಂಡ ನಿರ್ಧಾರ. ಬಲಕ್ಕೆ ಎರಡನೇ ಕಥೆ: ಸಂಘರ್ಷ, ಸಂವಹನದ ಕೊರತೆ, ಒಡಕು. ಬೇರೆ ಮೌಲ್ಯಮಾಪಕರೂ ಇದನ್ನೇ ಮುಂದಿಟ್ಟುಕೊಂಡು ಗುರುತು ಹಾಕುತ್ತಾ ಹೋಗುತ್ತಿದ್ದರು. ಕಣ್ಣು ಮುಚ್ಚಿಕೊಂಡು ಪೇಪರ್ ತಿದ್ದಬಹುದು ಮಾರಾಯ್ರೇ, ಪುಣ್ಯ ಕಟ್ಟಿಕೊಂಡ್ರಿ ಎಂದು ಒಬ್ಬರು ಹೊಗಳಿದ್ದರು ಕೂಡ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ, ಮರೆತು, ಮದುವೆಯಾಗಿ, ಎಲ್ಲೆಲ್ಲೋ ಹೋಗಿ ಸೇರಿಕೊಂಡಿದ್ದರು. ಅವರಲ್ಲಿ ಎಷ್ಟು ಗಂಡಸರು ಮೆಲುದನಿಯಲ್ಲಿ ಮಾತಾಡಿದ್ದಾರೋ, ಅದನ್ನು ಸಮಾಲೋಚನೆ ಎಂದುಕೊಂಡಿದ್ದಾರೋ. ಈ ಯೋಚನೆ ಈವರೆಗೆ ಬಂದಿರಲಿಲ್ಲ. ಈಗ ಬಂದದ್ದು ಹುಡುಗಿಯ ಉತ್ತರವನ್ನು ಎರಡನೇ ಸಲ ಓದಿದ್ದರಿಂದ. ಮೊದಲನೇ ಸಲ ಓದಿರಲೇ ಇಲ್ಲ ಎಂಬುದೂ ಈಗಲೇ ಹೊಳೆದದ್ದು. ಕೋಷ್ಟಕದ ಮಾತುಗಳಿಗಾಗಿ ಕಣ್ಣಾಡಿಸಿ, ಸಿಗದೆ, ಸಿಟ್ಟಿನಿಂದ ಎರಡು ಗೆರೆ ಎಳೆದಿದ್ದ, ಅಷ್ಟೇ.

ಹುಡುಗಿಯ ಅಕ್ಷರ ದಪ್ಪ, ನೆಟ್ಟಗೆ. 'ಮೊದಲ ಕಥೆಯಲ್ಲಿ ಹೆಂಡತಿ ಒಟ್ಟು ನಾಲ್ಕು ಸಲ ಮಾತಾಡುತ್ತಾಳೆ. ಹಗ್ಗ ಸಾಕಾಗುತ್ತಾ ಎಂದು ಕೇಳುತ್ತಾಳೆ. ನಲ್ಲಿ ನಿಲ್ಲಿಸಿ ಬನ್ನಿ ಎನ್ನುತ್ತಾಳೆ. ಈ ಲೋಟ ಒಡೆದಿದೆ ಎನ್ನುತ್ತಾಳೆ. ಲಾರಿ ಬಂತು ಎನ್ನುತ್ತಾಳೆ. ಮಗುವಿನ ಬಗ್ಗೆ ಒಂದು ಮಾತೂ ಇಲ್ಲ. ಎರಡನೇ ಕಥೆಯಲ್ಲಿ ಹೆಂಡತಿ ಇಪ್ಪತ್ತಾರು ಸಲ ಮಾತಾಡುತ್ತಾಳೆ, ಹೆಚ್ಚಿನವೆಲ್ಲ ಮಗುವಿನ ಬಗ್ಗೆಯೇ. ಅವಳ ಗಂಡ ಪ್ರತಿ ಮಾತಿಗೂ ಉತ್ತರ ಕೊಡುತ್ತಾನೆ, ಬೈದೇ ಕೊಡುತ್ತಾನೆ, ಆದರೆ ಕೊಡುತ್ತಾನೆ. ಆದ್ದರಿಂದ ಸಮಾಲೋಚನೆ ನಡೆದಿರುವುದು ಎರಡನೇ ಕಥೆಯಲ್ಲಿ. ಮೊದಲ ಕಥೆಯಲ್ಲಿ ಸಾಮಾನು ಕಟ್ಟಲಾಗಿದೆ.'

ಕೊನೆಯ ಸಾಲಿಗೆ ಅವನಿಗೆ ನಗು ಬಂತು. ನಗು ಪೂರ್ತಿ ಬರುವ ಮೊದಲೇ ನಿಂತುಹೋಯಿತು.

ಹನ್ನೆರಡರ ಗಂಟೆ ಹೊಡೆದ ಮೇಲೆ ಹುಡುಗಿಯೇ ಬಂದಳು. ಮೊದಲು ಸಂಖ್ಯಾಶಾಸ್ತ್ರ ಓದುತ್ತಿದ್ದವಳು, ಅದನ್ನು ಬಿಟ್ಟು ಸಾಹಿತ್ಯಕ್ಕೆ ಬಂದಿದ್ದಳು. ಅಧ್ಯಾಪಕರೆಲ್ಲ ಬೆನ್ನ ಹಿಂದೆ ಅವಳನ್ನು ಲೆಕ್ಕದಮ್ಮ ಎನ್ನುತ್ತಿದ್ದರು, ಆ ಹೆಸರಿಟ್ಟವನು ಅವನೇ. ಮೇಜಿನ ಮುಂದೆ ನಿಂತಳು. ಕೂತ್ಕೋ ಎನ್ನಬೇಕೆಂದು ಅವನಿಗೆ ತೋರಲಿಲ್ಲ.

"ಸರ್, ನಾನು ಜಗಳಕ್ಕೆ ಬಂದಿಲ್ಲ. ಮೊದಲ ಕಥೆಯಲ್ಲಿ ಅವಳು ಒಪ್ಪಿದ ಸಾಲು ಯಾವುದು ಅಂತ ತೋರಿಸಿಬಿಡಿ, ಅರ್ಜಿ ವಾಪಸ್ ತಗೋತೀನಿ."

ಅವನು ಪುಸ್ತಕ ತೆಗೆದ. ಹನ್ನೊಂದು ವರ್ಷ ಪಾಠ ಮಾಡಿ ಬೆನ್ನು ಸಡಿಲವಾದ ಪುಸ್ತಕ, ಅಂಚಿನ ತುಂಬ ಅವನದೇ ಪೆನ್ಸಿಲ್ ಗುರುತು. ಒಂದು ಪುಟ ಮಗುಚಿದ, ಇನ್ನೊಂದು. ಇಲ್ಲೇ ಎಲ್ಲೋ ಇರಬೇಕು. ಅವಳು ತಲೆಯಾಡಿಸುತ್ತಾಳೆ, ಇಲ್ಲ, ತಲೆಯಾಡಿಸಿದ್ದು ಗಂಡ. ಸರಿ ಎನ್ನುತ್ತಾಳೆ, ಅಲ್ಲ, ಅದೂ ಅವನೇ. ಇತಿಹಾಸದ ಮೇಷ್ಟ್ರು ಎಚ್ಚರಗೊಂಡು ನೋಡುತ್ತಿದ್ದರು. ಗಂಡನ ಮಾತುಗಳ ನಡುವೆ ಅವಳ ಒಪ್ಪಿಗೆಯನ್ನು ತಾನು ಅದೆಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದನೆಂದರೆ, ಅದು ಅಚ್ಚಾಗಿಲ್ಲ ಎಂಬುದೇ ಗಮನಕ್ಕೆ ಬಂದಿರಲಿಲ್ಲ.

"ಅದು ಧ್ವನಿ ಅಮ್ಮಾ. ಎಲ್ಲಾನೂ ಬಾಯಿಬಿಟ್ಟು ಹೇಳಿರಲ್ಲ. ಮೌನಂ ಅಂತ..."

"ಹಾಗಾದ್ರೆ ಒಪ್ಪಲಿಲ್ಲ ಅನ್ನೋದೂ ಧ್ವನಿ ಆಗಬಹುದಲ್ವಾ ಸರ್?" ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. "ಅಥವಾ ಅವಳಿಗೇ ಇನ್ನೂ ಗೊತ್ತಿಲ್ಲ ಅಂತಾನೂ ಇರಬಹುದು. ಮೂರರಲ್ಲಿ ಯಾವುದು ಅಂತ ನಾವು ಹೇಗೆ ಆರಿಸೋದು?"

"ನಾಲ್ಕು ಗಂಟೆ ಮೇಲೆ ಬಾ" ಎಂದ. ಅವಳು ಥ್ಯಾಂಕ್ಸ್ ಸರ್ ಎಂದು ಹೋದಳು. ಇತಿಹಾಸದ ಮೇಷ್ಟ್ರು, "ಹುಡುಗಿ ಬಲೇ ಜೋರು ಕಣ್ರೀ" ಎಂದು ಮತ್ತೆ ಕಣ್ಣು ಮುಚ್ಚಿದರು.

ಕೂಡುವುದರಲ್ಲಿ ತಪ್ಪಾಗಿದೆ ಎಂದು ಬರೆದುಬಿಟ್ಟರೆ ಮುಗಿಯಿತು. ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಬರೀ ಪರೀಕ್ಷೆಯ ಮಾತಾಗಿದ್ದರೆ ಬರೆದೇಬಿಡುತ್ತಿದ್ದ, ಅವನೇನು ಹರಿಶ್ಚಂದ್ರನ ವಂಶಸ್ಥನಲ್ಲ. ಆದರೆ ಆ ಮೊದಲ ಕಥೆಯನ್ನು ಅವನು ಆರಿಸಿದ್ದು ಅದರಲ್ಲಿ ತನ್ನ ಮನೆ ಕಂಡದ್ದಕ್ಕೆ. ಇಪ್ಪತ್ತೆರಡು ವರ್ಷದ ಹಿಂದೆ, ಮಗಳಿಗೆ ಹನ್ನೊಂದು ತಿಂಗಳಾಗಿದ್ದಾಗ, ಹೆಂಡತಿ ಮತ್ತೆ ಬಸುರಿಯಾಗಿದ್ದಳು. ಅವನಿಗೆ ಸಂಶೋಧನೆಗೆ ಬೇರೆ ಊರಿನಲ್ಲಿ ಸೀಟು ಸಿಕ್ಕಿತ್ತು, ಹೆಂಡತಿ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಆಗಷ್ಟೇ ಸೇರಿದ್ದಳು. ಇಬ್ಬರೂ ಕೂತು ಮಾತಾಡಿ ಬೇಡ ಎಂದು ತೀರ್ಮಾನಿಸಿದ್ದರು. ಈ ವಾಕ್ಯವನ್ನು ಅವನು ಎಷ್ಟು ಸಲ ಹೇಳಿದ್ದನೋ. ಎಂಟು ವರ್ಷದ ಹಿಂದೆ ಅವಳ ತಮ್ಮನಿಗೂ ಇಂಥದೇ ಸಂದರ್ಭ ಬಂದಾಗ ಮನೆಗೆ ಕರೆಸಿಕೊಂಡು, ನಾವು ಮಾಡಿದ ಹಾಗೆ ಮಾಡಿ, ಶಾಂತವಾಗಿ ಕೂತು ಮಾತಾಡಿ ಎಂದು ಬುದ್ಧಿ ಹೇಳಿದ್ದ. ನಿಮ್ಮ ಹಾಗೆ ಹೆಂಡತಿಯ ಮಾತಿಗೆ ಬೆಲೆ ಕೊಡೋರು ಎಷ್ಟು ಜನ ಇದಾರೆ ಭಾವ ಎಂದಿದ್ದ ಆ ಮಹರಾಯ. ಹೆಂಡತಿ ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಮ್ಮನ ಮುಖ ನೋಡಿ, ಇವನ ಮುಖ ನೋಡಿ, ಟೀ ಉಕ್ಕುತ್ತೆ ಎಂದು ಒಳಗೆ ಹೋಗಿದ್ದಳು. ಒಲೆ ಹಚ್ಚಿದ ಸದ್ದು ಕೇಳಿದ್ದು ಅವಳು ಒಳಗೆ ಹೋದ ಮೇಲೆ. ಉಕ್ಕುವುದಕ್ಕೆ ಟೀ ಇರಲೇ ಇಲ್ಲವಲ್ಲ ಎಂದು ಈಗ, ಎಂಟು ವರ್ಷದ ಮೇಲೆ, ಫ್ಯಾನಿನ ಕೆಳಗೆ ಕೂತವನಿಗೆ ಅನ್ನಿಸಿತು.

ಹಾಗಾದರೆ ಇಪ್ಪತ್ತೆರಡು ವರ್ಷದ ಹಿಂದಿನ ಆ ಸಂಜೆ ಅವಳು ಏನು ಹೇಳಿದ್ದಳು? ಉತ್ತರ ಪತ್ರಿಕೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯಲು ಹೊರಟ, ಇದು ಬೇರೆಯವರ ಪೇಪರು ಎಂದು ನೆನಪಾಗಿ ನಿಲ್ಲಿಸಿದ. ಮಗಳ ಬಟ್ಟೆ ಒಣಗಿ ಮಂಚದ ಮೇಲೆ ರಾಶಿ ಬಿದ್ದಿತ್ತು, ಅವಳು ಒಂದೊಂದೇ ಮಡಚುತ್ತಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂತು, ಬರೆದು ತಂದಿದ್ದ ಹಾಳೆ ಓದಿದ್ದ. ಅದೂ ಕೋಷ್ಟಕವೇ. ಎಡಕ್ಕೆ ಮಗುವನ್ನು ಉಳಿಸಿಕೊಂಡರೆ ಆಗುವ ತೊಂದರೆಗಳು, ಬಲಕ್ಕೆ ಉಳಿಸಿಕೊಳ್ಳದಿದ್ದರೆ ಆಗುವ ಅನುಕೂಲಗಳು. ಅಯ್ಯೋ ದೇವರೇ, ಎರಡೂ ಒಂದೇ ಅಲ್ಲವೇ. ಎರಡು ಕಾಲಂ ಇದ್ದದ್ದಕ್ಕೆ ಎರಡೂ ಕಡೆ ನೋಡಿದ್ದೇನೆ ಎಂದುಕೊಂಡಿದ್ದನಲ್ಲ, ಎಂಥ ಪೆದ್ದ. ಅವಳು ಆ ಸಂಜೆ ಮೂರು ಸಲ ಮಾತಾಡಿದ್ದಳು. ನೀರು ಕಾದಿದೆಯಾ ನೋಡಿ ಅಂದಿದ್ದಳು. ಇವಳನ್ನ ಸ್ವಲ್ಪ ಎತ್ಕೊಳ್ಳಿ ಅಂದಿದ್ದಳು. ಯಾವತ್ತು ಹೋಗ್ಬೇಕು ಅಂದಿದ್ದಳು. ಅವನಿಗೆ ಉಸಿರು ಬಂತು. ಸಿಕ್ಕಿತಲ್ಲ ಸಾಲು! ಯಾವತ್ತು ಹೋಗ್ಬೇಕು ಎಂದು ಕೇಳುವವಳು ಒಪ್ಪದೆ ಕೇಳುತ್ತಾಳೆಯೇ? ಒಂದು ನಿಮಿಷ ಆ ಸಾಲನ್ನು ಹಿಡಿದುಕೊಂಡು ಕೂತ. ಆಮೇಲೆ ಆಸ್ಪತ್ರೆಯ ಕೋಣೆ ಕಣ್ಣಿಗೆ ಬಂತು. ವಯಸ್ಸಾದ ಡಾಕ್ಟರಮ್ಮ, ಕನ್ನಡಕವನ್ನು ಹಣೆಗೇರಿಸಿಕೊಂಡು, ನೀನೇನಂತೀಯಮ್ಮ ಎಂದು ಕೇಳಿದ್ದರು. ಹೆಂಡತಿ ಎದುರಿನ ಗೋಡೆಯಲ್ಲಿದ್ದ ಲಸಿಕೆಯ ಪಟ್ಟಿ ನೋಡುತ್ತಿದ್ದಳು. ನಾವು ಎಲ್ಲ ಯೋಚನೆ ಮಾಡಿದೀವಿ ಡಾಕ್ಟ್ರೇ ಎಂದವನು ಅವನು. ಡಾಕ್ಟರಮ್ಮ ಅವನ ಕಡೆ ತಿರುಗಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಆಮೇಲೆ ಕನ್ನಡಕ ಇಳಿಸಿಕೊಂಡು ಬರೆಯತೊಡಗಿದರು.

ಭೂಮಾಪನ ಕಚೇರಿ ಕಾಲೇಜಿನಿಂದ ಎರಡು ನಿಲ್ದಾಣ ದೂರ. ನಡೆದೇ ಹೊರಟ. ದಾರಿಯಲ್ಲಿ ಕಬ್ಬಿಣದ ಅಂಗಡಿಯವರು ಸರಳುಗಳನ್ನು ಲಾರಿಯಿಂದ ಇಳಿಸುತ್ತಿದ್ದರು, ಆ ಸದ್ದಿಗೆ ಹಲ್ಲು ಜುಮ್ಮೆಂದಿತು. ಏನೆಂದು ಕೇಳುವುದು? ಕೇಳಿದರೆ ಅವಳು ನಗಬಹುದು, ನಿಮಗೆ ಬೇರೆ ಕೆಲಸ ಇಲ್ವಾ ಎನ್ನಬಹುದು. ಹಾಗಂದುಬಿಡಲಿ ಎಂದು ಆಸೆಪಟ್ಟ. ನನಗೂ ಬೇಡವಾಗಿತ್ತು ರೀ ಎಂದು ಅವಳು ಒಂದೇ ಒಂದು ಮಾತು ಹೇಳಿದರೆ ಸಾಕು, ಉಳಿದ ವರ್ಷಗಳನ್ನು ತಲೆ ಎತ್ತಿಕೊಂಡು ಕಳೆಯಬಹುದು, ಮೇಲಾಗಿ ನಾಲ್ಕು ಗಂಟೆಗೆ ಆ ಹುಡುಗಿಗೆ ಮುಖ ಕೊಟ್ಟು ಮಾತಾಡಬಹುದು. ಬೇಕಾಗಿತ್ತು ಎಂದರೆ? ಅಲ್ಲಿಂದ ಮುಂದಕ್ಕೆ ಯೋಚನೆ ಹೋಗಲಿಲ್ಲ, ಕಾಲು ಮಾತ್ರ ಹೋಗುತ್ತಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಅವಳ ಕಚೇರಿಯ ಮೇಲಿನ ಮಹಡಿಗೆ ಅವನು ಒಮ್ಮೆಯೂ ಹತ್ತಿರಲಿಲ್ಲ. ಗೇಟಿನ ಹತ್ತಿರ ಬಿಟ್ಟು, ಗೇಟಿನ ಹತ್ತಿರ ಕರೆದುಕೊಂಡು ಹೋದದ್ದೇ ಹೆಚ್ಚು. ಉದ್ದನೆಯ ಹಾಲ್, ಇಳಿಜಾರಾದ ಮೇಜುಗಳು. ಹರಿದ ಹಳೆಯ ನಕ್ಷೆಗಳನ್ನು ಹೊಸ ಹಾಳೆಗೆ ಇಳಿಸುವುದು ಅವಳ ಕೆಲಸ. ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು, ಸ್ಕೇಲಿಟ್ಟು ಒಂದು ಗೆರೆ ಎಳೆಯುತ್ತಿದ್ದಳು. ಇವನು ಹತ್ತಿರ ಹೋಗಿ ನಿಂತರೂ ಗೆರೆ ಮುಗಿಯುವ ತನಕ ತಲೆ ಎತ್ತಲಿಲ್ಲ. ಎತ್ತಿದವಳ ಮುಖದಲ್ಲಿ ಮೊದಲು ಬಂದದ್ದು ಗಾಬರಿ.

"ಏನಾಯ್ತು? ಮಗಳಿಗೇನಾದ್ರೂ..."

"ಏನೂ ಆಗಿಲ್ಲ. ಹೀಗೇ ಬಂದೆ."

"ಹೀಗೇ ಬರೋರೇನ್ರೀ ನೀವು?" ಪಕ್ಕದ ಮೇಜಿನವಳು ಊಟದ ಡಬ್ಬಿ ಎತ್ತಿಕೊಂಡು, ಅಣ್ಣ ಕೂತ್ಕೊಳ್ಳಿ ಎಂದು ತನ್ನ ಸ್ಟೂಲು ಬಿಟ್ಟುಕೊಟ್ಟು ಹೋದಳು. ಅವನು ಕೂತ. ಸ್ಟೂಲು ಎತ್ತರವಾಗಿತ್ತು, ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಹುಡುಗಿಯ ವಿಷಯದಿಂದ ಶುರು ಮಾಡಿದ, ಅದು ಸುಲಭವೆನ್ನಿಸಿತು. ಎರಡು ಕಥೆಗಳನ್ನು ಹೇಳಿದ, ನಾಲ್ಕು ಮಾತುಗಳನ್ನು ಹೇಳಿದ, ಮೂರು ಅಂಕವನ್ನು ಹೇಳಿದ. ಅವಳು ಪೆನ್ನಿನ ತುದಿಯನ್ನು ಬಟ್ಟೆಯಿಂದ ಒರೆಸುತ್ತಾ ಕೇಳಿಸಿಕೊಂಡಳು. ಇಷ್ಟು ಹೇಳಿ ಅವನು ಅವಳ ಕೈಯನ್ನೇ ನೋಡುತ್ತಾ ಕೇಳಿದ.

"ಅವತ್ತು, ನಮ್ಮ ಎರಡನೇದು... ನಾವಿಬ್ಬರೂ ಸೇರಿ ತಾನೇ ತೀರ್ಮಾನ ಮಾಡಿದ್ದು?"

ಅವಳ ಕೈ ನಿಂತಿತು. ಮತ್ತೆ ಒರೆಸತೊಡಗಿತು.

"ನೀವು ಹಾಗೇ ಹೇಳ್ಕೊಂಡು ಬಂದಿದೀರಲ್ಲ."

"ನಾನು ಹೇಳೋದಿರಲಿ. ನೀನೇ ಕೇಳಿದ್ಯಲ್ಲ, ಯಾವತ್ತು ಹೋಗ್ಬೇಕು ಅಂತ."

"ರಜೆ ಹಾಕ್ಬೇಕಿತ್ತು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು ಅಷ್ಟೇ. ಮುಂಚೆ ಹೇಳದಿದ್ರೆ ಸಾಹೇಬರು ಕೊಡ್ತಿರಲಿಲ್ಲ."

ಅವಳು ಅದನ್ನು ಕೋಪದಿಂದ ಹೇಳಲಿಲ್ಲ. ಕೋಪವಿದ್ದಿದ್ದರೆ ಅವನು ಹಿಡಿದುಕೊಳ್ಳುತ್ತಿದ್ದ, ಎದುರು ಮಾತಾಡುತ್ತಿದ್ದ. ಒಬ್ಬಳೇ ರಜೆ ಅರ್ಜಿ ಹಿಡಿದು ಈ ಹಾಲಿನ ಆ ತುದಿಯ ಕೋಣೆಗೆ ನಡೆದುಹೋದ ಇಪ್ಪತ್ತಾರು ವರ್ಷದ ಹೆಂಗಸನ್ನು ಅವನು ಈಗ ಮೊದಲ ಸಲ ಕಂಡ. ಕಾರಣ ಏನೆಂದು ಬರೆದಳೋ. ನಾಚಿಕೆಯಾಯಿತು, ಇಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು.

"ನಿನಗೆ ಬೇಕಾಗಿತ್ತಾ?" ಎಂದು ಕೇಳಿದ. "ಹೇಳು. ಬೇಕಾಗಿತ್ತು ಅಂದ್ರೂ ಸರಿ. ನಾನು ಅನುಭವಿಸ್ತೀನಿ."

ಅವಳು ಕನ್ನಡಕ ತೆಗೆದು ಅವನನ್ನು ನೋಡಿದಳು. ಆ ನೋಟದಲ್ಲಿ ಕರುಣೆಯಿತ್ತು, ಅದನ್ನು ಅವನಿಂದ ತಡೆಯಲಾಗಲಿಲ್ಲ.

"ಈಗಲೂ ನೋಡಿ, ಆ ಹುಡುಗಿಗೆ ಎಷ್ಟು ಅಂಕ ಕೊಡಬೇಕು ಅಂತ ಗೊತ್ತಾಗೋಕೆ ಬಂದಿದೀರಿ. ಕೊಟ್ಟುಬಿಡಿ ಪಾಪ, ಸರಿಯಾಗಿ ಬರೆದಿದಾಳೆ."

"ಅದಕ್ಕಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ, ಅದಕ್ಕಲ್ಲ."

"ಇರಲಿ ಬಿಡಿ." ಅವಳು ನಕ್ಷೆಯ ಅಂಚನ್ನು ಬೆರಳಿನಿಂದ ನೇವರಿಸಿ ಸರಿಮಾಡಿದಳು. "ನನಗೆ ಬೇಕಿತ್ತೋ ಬೇಡವಾಗಿತ್ತೋ ನನಗೆ ಗೊತ್ತಿಲ್ಲ. ಸುಳ್ಳು ಹೇಳ್ತಿಲ್ಲ ರೀ, ನಿಜವಾಗ್ಲೂ ಗೊತ್ತಿಲ್ಲ. ನೀವು ಹಾಳೆ ಓದ್ತಿದ್ರಿ. ಓದಿ ಮುಗಿಸಿ ನೀನೇನಂತೀಯ ಅಂತ ಕೇಳ್ತೀರಿ ಅಂದ್ಕೊಂಡೆ. ಕೇಳಿದ ಮೇಲೆ ಯೋಚನೆ ಮಾಡೋಣ ಅಂತ ಬಟ್ಟೆ ಮಡಚ್ತಾ ಕೂತೆ. ಡಾಕ್ಟರ್ ಕೇಳಿದಾಗ ನಿಜವಾಗ್ಲೂ ಯೋಚನೆ ಮಾಡೋಕೆ ಶುರು ಮಾಡಿದ್ದೆ, ನೀವು ಉತ್ತರ ಹೇಳಿಬಿಟ್ರಿ. ಯಾರಾದ್ರೂ ಇನ್ನೊಂದು ನಿಮಿಷ ಬಿಟ್ಟಿದ್ರೆ ನನಗೂ ಗೊತ್ತಾಗ್ತಿತ್ತು."

"ಈಗ ಕೇಳ್ತಿದೀನಲ್ಲ."

"ಈಗ ನೀವು ಕೇಳ್ತಿರೋದು ನಲವತ್ತೆಂಟರವಳನ್ನ. ಇವಳೇನು ಹೇಳಿದ್ರೂ ನಿಮ್ಮ ಮುಖ ನೋಡಿ ಹೇಳಿದ ಹಾಗಾಗುತ್ತೆ. ಬೇಡವಾಗಿತ್ತು ಅಂದ್ರೆ ನೀವು ನಿದ್ದೆ ಮಾಡ್ತೀರಿ, ಬೇಕಿತ್ತು ಅಂದ್ರೆ ಕೊರಗ್ತೀರಿ. ಎರಡೂ ನಿಮ್ಮದೇ ಆಗುತ್ತೆ. ಹೇಳಬೇಕಾದವಳು ಇಪ್ಪತ್ತಾರರವಳು. ವಾಪಸ್ ಬಸ್ಸಲ್ಲಿ ಕೂತ ಮೇಲೂ ಅವಳು ಕಾಯ್ತಾನೇ ಇದ್ಲು."

ಏನನ್ನು ಎಂದು ಅವನು ಕೇಳಬೇಕಾಗಿರಲಿಲ್ಲ. ಆ ಬಸ್ಸಿನಲ್ಲಿ ಅವನು ಮುಂದಿನ ಸೀಟಿನವನ ಜೊತೆ ಹೊಸ ಊರಿನ ಬಾಡಿಗೆ ಮನೆಗಳ ವಿಷಯ ಮಾತಾಡುತ್ತಾ ಬಂದಿದ್ದ. ಎಷ್ಟು ಹಗುರವಾಗಿ ಮಾತಾಡಿದ್ದ, ಎಷ್ಟು ನಕ್ಕಿದ್ದ.

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಪೆನ್ನನ್ನು ಕೆಳಗಿಟ್ಟು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅವನು ಮಾತಾಡಲೆಂದು ಕಾದಳು. ಅಡ್ಡ ಬಾಯಿ ಹಾಕಲಿಲ್ಲ, ಮುಖ ತಿರುಗಿಸಲಿಲ್ಲ, ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಊಟಕ್ಕೆ ಹೋದವರು ಒಬ್ಬೊಬ್ಬರೇ ಹಿಂತಿರುಗಿ ತಮ್ಮ ಮೇಜಿಗೆ ಕೂತರು. ಸ್ಟೂಲು ಬಿಟ್ಟುಕೊಟ್ಟವಳು ಬಂದು ಸ್ವಲ್ಪ ದೂರದಲ್ಲಿ ನಿಂತಳು. ಅವನು ಇನ್ನೂ ಒಂದು ಮಾತೂ ಹೇಳಿರಲಿಲ್ಲ, ಅವಳು ಇನ್ನೂ ಕಾಯುತ್ತಿದ್ದಳು.